ಸೋರಿಕೆ ಟೀಚರ್

ಮನೆಯವರು ಇಟ್ಟ ಹೆಸರು ಆಕೆಗೆ ಇತ್ತು, ಆದರೆ ಶಾಲೆಯ ಹಾಜರಿ ಪುಸ್ತಕದಿಂದ ಆಚೆಗೆ ಅದು ಚಲಾವಣೆಯಲ್ಲಿರಲಿಲ್ಲ. ಮಕ್ಕಳ ಬಾಯಲ್ಲಿ ಆಕೆ ಸೋರಿಕೆ ಟೀಚರ್. ಮಕ್ಕಳಿಂದ ಅದು ಅಪ್ಪ ಅಮ್ಮಂದಿರಿಗೆ ಹತ್ತಿತು, ಅವರಿಂದ ಗೇಟಿನ ಕಾವಲುಗಾರನಿಗೆ. ಹೊಸದಾಗಿ ಮಗನನ್ನು ಸೇರಿಸಿದ್ದ ಒಬ್ಬ ತಂದೆಯಂತೂ ಹೆಸರು ಕೇಳಿದವನೇ ಆಕೆಯನ್ನು ಮೆಟ್ಟಿಲ ಕೆಳಗೆ ತಡೆದು ನಿಲ್ಲಿಸಿ, ಅತ್ತಿತ್ತ ನೋಡಿ, "ಮೇಡಂ, ಈ ಸಲ ಗಣಿತದ್ದೂ ಸಿಗುತ್ತಾ?" ಎಂದು ಪಿಸುಗುಟ್ಟಿದ್ದ.

ಆಕೆಯ ಕೈಯಿಂದ ಸೋರುತ್ತಿದ್ದದ್ದು ಪ್ರಶ್ನೆಪತ್ರಿಕೆಯಲ್ಲ, ಶಾಖ. ಶಾಲೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಪ್ರತಿ ವರ್ಷ ಒಂದು ಪ್ರಯೋಗ ನಡೆಯುತ್ತಿತ್ತು. ಒಂದು ಲೋಟದಲ್ಲಿ ತೆಳು ಆಮ್ಲ, ಇನ್ನೊಂದರಲ್ಲಿ ಅಷ್ಟೇ ತೆಳು ಕ್ಷಾರ. ಎರಡರ ಬಿಸಿಯನ್ನೂ ಥರ್ಮಾಮೀಟರಿನಲ್ಲಿ ನೋಡಿ ಬರೆದುಕೊಳ್ಳಬೇಕು. ಆಮೇಲೆ ಒಂದಕ್ಕೊಂದು ಸುರಿಯಬೇಕು. ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ನೀರು ತಾನಾಗಿಯೇ ಬೆಚ್ಚಗಾಗುತ್ತದೆ. ಎಷ್ಟು ಬೆಚ್ಚಗಾಯಿತು ಎಂಬುದರಿಂದ ಎಷ್ಟು ಶಾಖ ಹುಟ್ಟಿತು ಎಂದು ಲೆಕ್ಕ ಹಾಕಬೇಕು. ಪಠ್ಯಪುಸ್ತಕದ ಪ್ರಕಾರ ಐವತ್ತೇಳು ಕಿಲೋಜೂಲ್ ಚಿಲ್ಲರೆ ಬರಬೇಕು. ಶಾಲೆಯ ಲ್ಯಾಬಿನಲ್ಲಿ ಅಷ್ಟು ಬರುವುದಿಲ್ಲ. ಒಂದಿಷ್ಟನ್ನು ಲೋಟ ಕುಡಿಯುತ್ತದೆ, ಒಂದಿಷ್ಟನ್ನು ಗಾಳಿ ಒಯ್ಯುತ್ತದೆ, ಥರ್ಮಾಮೀಟರ್ ಕೂಡ ತನ್ನ ಪಾಲು ಕೀಳುತ್ತದೆ. ಕೈಗೆ ಸಿಗುವುದು ಐವತ್ತೊಂದು, ಹೆಚ್ಚೆಂದರೆ ಐವತ್ತೆರಡು.

"ಟೀಚರ್, ನಮಗೆ ಕಡಿಮೆ ಬಂತು" ಎಂದು ಮಕ್ಕಳು ಮುಖ ಸಣ್ಣಗೆ ಮಾಡಿಕೊಂಡರೆ, "ಕಡಿಮೆ ಬಂದಿಲ್ಲ, ಸೋರಿದೆ. ಎಲ್ಲಿಂದ ಸೋರಿತು ಅಂತ ಹುಡುಕಿ, ಬಂದದ್ದನ್ನ ಬಂದ ಹಾಗೇ ಬರೀರಿ" ಎನ್ನುತ್ತಿದ್ದರು. ಮಕ್ಕಳೇನು ಕಡಿಮೆಯೇ? ತಡವಾಗಿ ಬಂದವನು "ಟೈಮ್ ಸೋರಿಹೋಯ್ತು ಟೀಚರ್" ಎಂದ. ಹೋಮ್‌ವರ್ಕ್ ಮಾಡದವಳು "ನೆನಪು ಸೋರಿತು" ಎಂದಳು. ಟೀಚರ್ ಬೈಯುತ್ತಿರಲಿಲ್ಲ. "ಎಷ್ಟು ಸೋರಿತು, ಯಾವ ತೂತಿನಿಂದ ಸೋರಿತು, ಲೆಕ್ಕ ಬರೆದು ತೋರಿಸು" ಎನ್ನುತ್ತಿದ್ದರು. ಬೈಗುಳವೇ ವಾಸಿ ಅನಿಸುತ್ತಿತ್ತು ಮಕ್ಕಳಿಗೆ.

ಅಂಕಿಯ ಮೇಲೆ ಈ ಪರಿಯ ಗುಮಾನಿ ಆಕೆಗೆ ಬಂದದ್ದು ಅಪ್ಪನಿಂದ. ಅಪ್ಪ ಹರಾಜು ಕೂಗುವವರು. ಮುರುಕು ಕುರ್ಚಿಯಿಂದ ಹಿಡಿದು ದಿವಾಳಿಯಾದವರ ಬಂಗಲೆಯವರೆಗೆ ಅವರ ಗಂಟಲಿನಲ್ಲಿ ಹಾದುಹೋಗದ ಸಾಮಾನಿಲ್ಲ. ಅವರ ಬಾಯಲ್ಲಿ ಅಂಕಿ ಎಂಬುದು ಏರುವುದಕ್ಕೇ ಹುಟ್ಟಿದ್ದು. ಬಾಗಿಲಲ್ಲಿ ಇಬ್ಬರು ನೆಂಟರು ನಿಂತಿದ್ದರೆ "ಐದಾರು ಜನ ಬಂದಿದ್ದಾರೆ ಕಣೇ" ಎಂದು ಒಳಗೆ ಕೂಗುತ್ತಿದ್ದರು. ಅಮ್ಮ ತಲೆ ಕೆಡಿಸಿಕೊಳ್ಳದೆ ಎರಡು ಲೋಟ ತೊಳೆಯುತ್ತಿದ್ದಳು. "ನಿಮ್ಮಪ್ಪ ಹತ್ತು ಅಂದ್ರೆ ನಾಲ್ಕು ಅಂತ ತಿಳ್ಕೋ, ಸಂಸಾರ ನಡೆಯುತ್ತೆ" ಎಂಬುದು ಅಮ್ಮ ಮಗಳಿಗೆ ಕಲಿಸಿದ ಮೊದಲ ಗಣಿತ. ಹುಡುಗಿ ಅಂದಿನಿಂದ ಯಾರು ಯಾವ ಅಂಕಿ ಹೇಳಿದರೂ ಅಳತೆಪಟ್ಟಿ ಹುಡುಕುವ ಚಾಳಿ ಬೆಳೆಸಿಕೊಂಡಳು. ಹೆಣ್ಣು ನೋಡಲು ಬಂದವರು ಹುಡುಗನ ಎತ್ತರ ಹೇಳಿದಾಗಲೂ ಆಕೆಯ ಕಣ್ಣು ಬಾಗಿಲ ಚೌಕಟ್ಟಿನ ಕಡೆಗೇ ಹೋಗಿತ್ತಂತೆ. ಹುಡುಗ ಹೇಳಿದ್ದಕ್ಕಿಂತ ಎರಡು ಬೆರಳು ಗಿಡ್ಡ. ಆದರೆ ನಗು ಚೆನ್ನಾಗಿತ್ತು. ಒಪ್ಪಿಕೊಂಡರು.

ಆ ಎರಡು ಬೆರಳು ಗಿಡ್ಡ ಗಂಡ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸದಲ್ಲಿದ್ದರು. ಒಂದು ಕೊಂಬು ತಪ್ಪಿದ್ದರೆ, ಒಂದು ಒತ್ತು ಬಿಟ್ಟುಹೋಗಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅಂಗಡಿ ಬೋರ್ಡಿನ ತಪ್ಪು ತಿದ್ದಿಸಲು ರಸ್ತೆ ದಾಟಿ ಹೋಗುವ ಮನುಷ್ಯ. ಆದರೆ ಅಂಕಿ ಬಂದರೆ ಮಾತ್ರ ಅವರ ಕಣ್ಣು ಬಸ್ಸಿನ ಕಿಟಕಿಯಿಂದ ಬಯಲು ನೋಡಿದಂತೆ ಜಾರಿಕೊಂಡು ಹೋಗುತ್ತಿತ್ತು. "ಅಂಕಿ ನನ್ನ ಇಲಾಖೆ ಅಲ್ಲ, ನಿನ್ನದು" ಎಂದು ಮದುವೆಯಾದ ಹೊಸದರಲ್ಲೇ ಖಾತೆ ಹಂಚಿಕೆ ಮುಗಿಸಿದ್ದರು.

ಆ ಪ್ರೆಸ್ಸಿನಿಂದ ಆ ವರ್ಷ ಒಂದು ಗೈಡ್ ಹೊರಬಂತು. ವಿಜ್ಞಾನದ ಎಲ್ಲ ಪ್ರಯೋಗಗಳೂ ಅದರಲ್ಲಿದ್ದವು. ಸುಮ್ಮನೆ ಇದ್ದದ್ದಲ್ಲ, ಮಾಡಿ ಮುಗಿಸಿ ಇದ್ದವು. ಎಷ್ಟು ಅಳೆಯಬೇಕು ಎಂಬುದರ ಪಕ್ಕದಲ್ಲೇ ಎಷ್ಟು ಬಂತು ಎಂಬುದೂ ಅಚ್ಚಾಗಿತ್ತು. ಪ್ರಯೋಗ ಮಾಡಿದರೆ ಗಾಜು ಒಡೆಯುತ್ತದೆ, ಕೈ ಸುಡುತ್ತದೆ, ಉತ್ತರ ತಪ್ಪುತ್ತದೆ. ಗೈಡ್ ನೋಡಿ ಬರೆದರೆ ಅಂಥ ಅಪಾಯವಿಲ್ಲ. ಸುತ್ತಲಿನ ಶಾಲೆಗಳು ಅದನ್ನು ಎರಡೂ ಕೈಯಲ್ಲಿ ಬರಮಾಡಿಕೊಂಡವು. ಕೆಲವು ಶಾಲೆಗಳು ಲ್ಯಾಬಿಗೆ ಬೀಗ ಹಾಕಿ ಅಲ್ಲಿ ಮುರಿದ ಬೆಂಚು ತುಂಬಿದವು.

ಆ ಗೈಡಿನಲ್ಲಿ ಶಾಖದ ಪ್ರಯೋಗದ ಕೊನೆಯ ಸಾಲಿನಲ್ಲಿ ಐವತ್ತೇಳರ ಅಂಕಿಗಳು ಹಿಂದುಮುಂದಾಗಿ ಎಪ್ಪತ್ತೈದು ಎಂದು ಅಚ್ಚಾಗಿತ್ತು. ಅದರ ಮೇಲಿನ ಸಾಲುಗಳನ್ನು ಯಾರಾದರೂ ಗುಣಿಸಿ ಭಾಗಿಸಿದ್ದರೆ ಐವತ್ತೇಳೇ ಬರುತ್ತಿತ್ತು. ಯಾರೂ ಗುಣಿಸಲಿಲ್ಲ, ಯಾರೂ ಭಾಗಿಸಲಿಲ್ಲ. ಎಲ್ಲರೂ ಬರೆದುಕೊಂಡರು.

ಹೆಡ್‌ಮಾಸ್ಟರು ಇತಿಹಾಸದ ಮೇಷ್ಟ್ರು. ಮುಖ್ಯೋಪಾಧ್ಯಾಯರ ಸಭೆಯಿಂದ ಅವರು ಒಂದು ಮಧ್ಯಾಹ್ನ ಸೋತ ರಾಜನ ಹಾಗೆ ಮರಳಿದರು. ನೇರ ಲ್ಯಾಬಿಗೇ ಬಂದರು.

"ಮೇಡಂ, ಎಲ್ಲರ ಎದುರಿಗೆ ನನ್ನ ಮಾನ ಹೋಯ್ತು. ಎಲ್ಲ ಶಾಲೆಗಳ ಶಾಖವನ್ನ ಗೋಡೆ ಮೇಲೆ ಪಟ್ಟಿ ಮಾಡಿ ಹಾಕಿದ್ದರು. ಎಲ್ಲರದ್ದೂ ಎಪ್ಪತ್ತೈದು. ನಮ್ಮದು ಐವತ್ತೊಂದು! ನದಿ ಪಕ್ಕದ ಆ ಶಾಲೆ ಗೊತ್ತಲ್ಲ, ನೆಟ್ಟಗೆ ಕುಡಿಯೋ ನೀರಿಲ್ಲ, ಅವರಿಗೂ ಎಪ್ಪತ್ತೈದು!"

ಟೀಚರ್ ಕೈಯಲ್ಲಿದ್ದ ಪಿಪೆಟ್ ಕೆಳಗಿಟ್ಟರು. "ಎಪ್ಪತ್ತೈದು ಬರೋಕೆ ಸಾಧ್ಯ ಇಲ್ಲ ಸರ್. ಹುಟ್ಟೋದೇ ಐವತ್ತೇಳು. ಅದರಲ್ಲಿ ಸೋರೋದು ಹೆಚ್ಚುಕಮ್ಮಿ ಆಗಬಹುದು, ಇಲ್ಲದ್ದು ಬರಲ್ಲ."

"ಊರಿಗೆಲ್ಲ ಬಂದದ್ದು ನಮಗೆ ಮಾತ್ರ ಯಾಕೆ ಬರಲ್ಲ?"

"ಊರಿಗೆ ಬಂದಿಲ್ಲ. ಊರು ಬರೆದುಕೊಂಡಿದೆ."

ಹೆಡ್‌ಮಾಸ್ಟರಿಗೆ ಈ ಮಾತು ಅಹಂಕಾರದ್ದಾಗಿ ಕೇಳಿಸಿತು. ಸ್ಟಾಫ್ ರೂಮಿನಲ್ಲೂ ಸುದ್ದಿ ಹಬ್ಬಿತು. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಹೆಂಗಸು" ಎಂದು ಡ್ರಾಯಿಂಗ್ ಮೇಷ್ಟ್ರು ಮೂಗು ಮುರಿದರು. ಟೀಚರ್ ಅದನ್ನು ಕೇಳಿಸಿಕೊಂಡೇ ಒಳಗೆ ಬಂದು, "ಮೂರೇ ಕಾಲು ಕಂಡ್ರೆ ಮೂರೇ ಅಂತೀನಿ ಸರ್. ಆಮೇಲೆ ನಾಲ್ಕನೇದು ಎಲ್ಲಿ ಹೋಯ್ತು ಅಂತ ಹುಡುಕ್ತೀನಿ. ನೀವು ಮೊಲಾನೇ ಹಿಡಿಯದೆ ಐದು ಕಾಲು ಬರೀತೀರಲ್ಲ" ಎಂದರು. ಆ ಮೇಲೆ ಸ್ಟಾಫ್ ರೂಮಿನಲ್ಲಿ ಯಾರೂ ಆಕೆಗೆ ಫ್ಯಾನಿನ ಕೆಳಗಿನ ಕುರ್ಚಿ ಬಿಟ್ಟುಕೊಡಲಿಲ್ಲ. ನಾಲಿಗೆಯ ಹರಿತ ಆಕೆಗೆ ಗೆದ್ದುಕೊಟ್ಟದ್ದಕ್ಕಿಂತ ಕಳೆದದ್ದೇ ಹೆಚ್ಚು, ಆದರೆ ಒಳ್ಳೆಯ ಮಾತು ಬಾಯಿಗೆ ಬಂದಮೇಲೆ ನುಂಗುವ ಅಭ್ಯಾಸ ಆಕೆಗಿರಲಿಲ್ಲ.

ವಿಷಯ ಆಡಳಿತ ಮಂಡಳಿಗೆ ಹೋಯಿತು. ಅಧ್ಯಕ್ಷರಿಗೆ ಇಟ್ಟಿಗೆ ಭಟ್ಟಿ ಇತ್ತು. ಹಾಗಾಗಿ ಶಾಖದ ವಿಷಯದಲ್ಲಿ ತಮ್ಮದೇ ಕೊನೆಯ ಮಾತು ಎಂದು ಅವರು ನಂಬಿದ್ದರು.

"ನಮ್ಮ ಭಟ್ಟಿಯಲ್ಲಿ ಕಾವು ಕಡಿಮೆ ಆದ್ರೆ ಸೌದೆ ತುಂಬ್ತೀವಿ. ನೀವೇನು ತುಂಬ್ತೀರಿ?" ಎಂದು ಕೇಳಿದರು.

"ಏನೂ ತುಂಬಲ್ಲ ಸರ್. ಎಷ್ಟು ಬರುತ್ತೋ ಅಷ್ಟು ಅಳೀತೀವಿ."

"ಅದೇ ತಪ್ಪು! ಸುಮ್ಮನೆ ಅಳೆದುಕೊಂಡು ಕೂತ್ರೆ ಕಾವು ಏರುತ್ತೇನಮ್ಮ? ಸೋರ್ತಾ ಇದೆ ಅಂತ ನೀವೇ ಅಂತೀರಿ. ಸೋರೋ ಮನೆಗೆ ಏನು ಮಾಡ್ತಾರೆ? ಮುಚ್ಚಬೇಕು."

ಮುಚ್ಚಿದರು. ವಾರದೊಳಗೆ ಲ್ಯಾಬಿನ ಎಲ್ಲ ಕಿಟಕಿಗಳಿಗೂ ಇಟ್ಟಿಗೆ ಕಟ್ಟಿದರು. ಅಧ್ಯಕ್ಷರ ಭಟ್ಟಿಯದೇ ಇಟ್ಟಿಗೆ. ಬಾಗಿಲಿನ ಸಂದಿಗೂ ಬಟ್ಟೆ ತುರುಕಿದರು. ಆಮೇಲೆ ಮಕ್ಕಳು ಒಳಗೆ ಹೋಗಿ ಬೆವರು ಸುರಿಸುತ್ತ ಆಮ್ಲಕ್ಕೆ ಕ್ಷಾರ ಬೆರೆಸಿದರು. ಕೋಣೆ ಕಾದಿದ್ದರಿಂದ ಮೊದಲಿನ ಬಿಸಿಯೂ ಏರಿತ್ತು, ಕೊನೆಯ ಬಿಸಿಯೂ ಏರಿತ್ತು. ನಡುವಿನ ಅಂತರ ಇದ್ದಲ್ಲೇ ಇತ್ತು. ಐವತ್ತೊಂದು. ಆಮ್ಲದ ಘಾಟಿಗೆ ಇಬ್ಬರಿಗೆ ತಲೆ ಸುತ್ತಿದಾಗ ಟೀಚರ್ ಮಕ್ಕಳನ್ನೆಲ್ಲ ಹೊರಗೆ ಕರೆತಂದು, ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ಮೇಜು ಹಾಕಿಸಿ ಪಾಠ ಮುಂದುವರಿಸಿದರು. ಒಳಗೆ ಬಳಸುತ್ತಿದ್ದ ಅವೇ ಒಂದರೊಳಗೊಂದು ಕೂರಿಸಿದ ಕಾಗದದ ಕಪ್ಪುಗಳು, ಮೇಲೊಂದು ರಟ್ಟಿನ ಮುಚ್ಚಳ. ಅಲ್ಲಿ ಕೂಡ ಐವತ್ತೊಂದು.

ಆಗ ಹೆಡ್‌ಮಾಸ್ಟರಿಗೆ ಹೊಳೆದದ್ದು ಪಾಲಕರ ದಿನ. ಇಲಾಖೆಯ ಉಪನಿರ್ದೇಶಕರು ಅತಿಥಿ. ಅವರೆದುರಿಗೇ ಪ್ರಯೋಗ ಮಾಡಿಸಿ, ಎಪ್ಪತ್ತೈದು ಬರಿಸಿ, ಶಾಲೆಯ ಮಾನ ಉಳಿಸಬೇಕೆಂದು ನಿರ್ಧರಿಸಿದರು. ಬರಿಸುವುದು ಹೇಗೆ ಎಂಬುದಕ್ಕೂ ಉಪಾಯ ಮಾಡಿದ್ದರು. ಆಮ್ಲದ ಬಾಟಲಿಯನ್ನು ಅಡುಗೆಮನೆಯಲ್ಲಿ ಬಿಸಿನೀರಿನ ಪಾತ್ರೆಯೊಳಗೆ ಇಡಿಸಿ, ಸಮಯಕ್ಕೆ ಸರಿಯಾಗಿ ವೇದಿಕೆಗೆ ತರಿಸಿದರು.

ಟೀಚರ್ ವೇದಿಕೆ ಹತ್ತಿದರು. ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಗಂಡ, ಪಕ್ಕದಲ್ಲಿ ಅಪ್ಪ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಗಳ ಮನೆಯಲ್ಲೇ ಇದ್ದರು. ಕಿವಿ ಸ್ವಲ್ಪ ಮಂದ, ಗಂಟಲು ಮಾತ್ರ ಹಾಗೇ ಇತ್ತು. ಟೀಚರ್ ಎಂದಿನಂತೆ ಬೆರೆಸುವ ಮೊದಲು ಎರಡರ ಬಿಸಿಯನ್ನೂ ನೋಡಿದರು. ಕ್ಷಾರ ಸರಿಯಾಗಿತ್ತು. ಆಮ್ಲಕ್ಕೆ ಥರ್ಮಾಮೀಟರ್ ಇಟ್ಟವರು ಅದನ್ನು ಮೇಲೆತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಮೈಕಿನಲ್ಲೇ, "ಅಯ್ಯೋ, ಈ ಆಮ್ಲಕ್ಕೆ ಜ್ವರ ಬಂದಿದೆ. ಇದಕ್ಕೆ ಸ್ನಾನ ಮಾಡಿಸಿದವರು ಯಾರು?" ಎಂದರು.

ಸಭೆ ಗೊಳ್ಳೆಂದಿತು. ಹೆಡ್‌ಮಾಸ್ಟರು ತಮ್ಮ ಶೂ ಲೇಸನ್ನು ಪರೀಕ್ಷಿಸತೊಡಗಿದರು. ಟೀಚರ್ ಬೇರೆ ಆಮ್ಲ ತರಿಸಿ, ಬೆರೆಸಿ, ಹಲಗೆಯ ಮೇಲೆ ಲೆಕ್ಕ ಮಾಡಿ, ಐವತ್ತೊಂದು ಎಂದು ಬರೆದು ಕೆಳಗೊಂದು ಗೆರೆ ಎಳೆದರು.

ಉಪನಿರ್ದೇಶಕರು ಗಂಟಲು ಸರಿಮಾಡಿಕೊಂಡರು. "ನಾನೂ ವಿಜ್ಞಾನದ ವಿದ್ಯಾರ್ಥಿಯೇ. ನಾನು ಓದುವಾಗ ಇದೇ ಪ್ರಯೋಗ ಮಾಡಿದ್ದೆ. ನನಗೆ ಚೆನ್ನಾಗಿ ನೆನಪಿದೆ, ಎಪ್ಪತ್ತೈದೇ ಬಂದಿತ್ತು." ತಕ್ಷಣ ಸಭೆಯಲ್ಲಿ ಇನ್ನೂ ಮೂರ್ನಾಲ್ಕು ಜನ ಹಿರಿಯರಿಗೆ ತಮಗೂ ಎಪ್ಪತ್ತೈದು ಬಂದದ್ದು ನೆನಪಾಯಿತು. ಅವರಲ್ಲಿ ಒಬ್ಬರು ಶಾಲೆಗೇ ಹೋದವರಲ್ಲ.

ಐವತ್ತೊಂದು, ಎಪ್ಪತ್ತೈದು ಎಂದು ಅಂಕಿಗಳು ಅಲ್ಲಿ ಇಲ್ಲಿ ಏಳುವುದು ಅಪ್ಪನ ಮಂದ ಕಿವಿಗೂ ಬಿತ್ತು. ಜೀವಮಾನದ ಅಭ್ಯಾಸ ಎಲ್ಲಿ ಹೋಗುತ್ತದೆ? ಎದ್ದು ನಿಂತವರೇ ಕೈ ಎತ್ತಿ, ಹಳೆಯ ಗಂಟಲಿನಲ್ಲಿ ಕೂಗಿದರು: "ಐವತ್ತೊಂದು! ಐವತ್ತೊಂದು ಒಂದನೇ ಸಾರಿ! ಸಾಹೇಬರು ಎಪ್ಪತ್ತೈದು! ಎಪ್ಪತ್ತೈದರ ಮೇಲೆ ಯಾರಿದ್ದೀರಿ ಸ್ವಾಮಿ?"

ಹಿಂದುಮುಂದು ನೋಡದೆ ಭಟ್ಟಿಯ ಅಧ್ಯಕ್ಷರ ಕೈ ಮೇಲೆ ಹೋಯಿತು. "ಎಂಬತ್ತು!"

ಆ ದಿನದ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು. ವಂದನಾರ್ಪಣೆ ಯಾರೂ ಮಾಡಲಿಲ್ಲ.

ಮನೆಗೆ ಬಂದ ಮೇಲೆ ಟೀಚರ್ ನಗುತ್ತಲೇ ಇದ್ದರು. ಅಪ್ಪ ಮಾತ್ರ, "ಎಂಬತ್ತಕ್ಕೆ ಬಿಟ್ಟುಕೊಡಬಾರದಿತ್ತು, ಇನ್ನೂ ಏರ್ತಿತ್ತು" ಎಂದು ಕೊರಗುತ್ತಿದ್ದರು. ಗಂಡನ ಮುಖದಲ್ಲಿ ನಗುವಿರಲಿಲ್ಲ. ಕಪಾಟಿನಿಂದ ಗೈಡ್ ತೆಗೆದರು, ಆ ಪುಟ ಬಿಡಿಸಿದರು, ಜೊತೆಗೆ ಪ್ರೆಸ್ಸಿಗೆ ಬಂದಿದ್ದ ಹಸ್ತಪ್ರತಿಯ ಹಾಳೆಯನ್ನೂ ಇಟ್ಟರು.

"ನೋಡೇ, ಇದು ನನ್ನ ಕೈಯಿಂದ ದಾಟಿದ್ದು. ಈ ಪುಟದಲ್ಲಿ ಹನ್ನೊಂದು ಒತ್ತಕ್ಷರ ತಿದ್ದಿದ್ದೀನಿ. ಇದೊಂದು ಕಾಣಲಿಲ್ಲ."

ಟೀಚರ್ ಪುಟ ನೋಡಿದರು, ಗಂಡನನ್ನು ನೋಡಿದರು. "ನಿಮ್ಮಿಂದಾನಾ ಇಷ್ಟೆಲ್ಲ?"

"ಅಂಕಿ ನನ್ನ ಇಲಾಖೆ ಅಲ್ಲ ಅಂತ ಮೊದಲೇ ಹೇಳಿದ್ನಲ್ಲ..."

"ಹೇಳಿದ್ರಿ. ನಿಮ್ಮ ಎತ್ತರ ಕೇಳಿದಾಗಲೇ ನನಗೆ ಗೊತ್ತಾಗಬೇಕಿತ್ತು."

ಮರುದಿನ ಗಂಡ ಪ್ರೆಸ್ ಮಾಲೀಕರ ಮುಂದೆ ತಪ್ಪು ಒಪ್ಪಿಕೊಂಡರು, ತಿದ್ದುಪಡಿ ಚೀಟಿ ಅಂಟಿಸೋಣ ಎಂದರು. ಮಾಲೀಕರು ಶಾಂತ ಮನುಷ್ಯ. "ಒಂದು ತಪ್ಪು ಒಪ್ಪಿಕೊಂಡ್ರೆ ಜನ ಎರಡನೇದು ಹುಡುಕ್ತಾರೆ. ಎಷ್ಟೋ ಶಾಲೆಗಳಲ್ಲಿ ಎಪ್ಪತ್ತೈದು ಬಂದಿದೆ ಅಂದ್ಮೇಲೆ ಅದು ಈಗ ತಪ್ಪು ಹೇಗಾಗುತ್ತೆ?" ಎಂದರು. ಟೀಚರ್ ಪರೀಕ್ಷಾ ಮಂಡಳಿಗೆ ಬರೆದರು. ಮಂಡಳಿ ಚುರುಕಾಗಿ ಕೆಲಸ ಮಾಡಿತು. ಗೊಂದಲ ನಿವಾರಣೆಗಾಗಿ, ಪ್ರಸಕ್ತ ಸಾಲಿಗೆ ಮಾತ್ರ, ಎಪ್ಪತ್ತೈದನ್ನೇ ಸರಿಯುತ್ತರವೆಂದು ಪರಿಗಣಿಸತಕ್ಕದ್ದು ಎಂದು ಸುತ್ತೋಲೆ ಹೊರಡಿಸಿತು. ಪ್ರಕೃತಿಗೆ ಪ್ರತಿ ಕಳಿಸಿದ್ದರೋ ಇಲ್ಲವೋ ತಿಳಿಯದು.

ಪ್ರಾಯೋಗಿಕ ಪರೀಕ್ಷೆಯ ದಿನ ಮಕ್ಕಳು ಬಾಗಿಲಲ್ಲಿ ಸುತ್ತುಗಟ್ಟಿ ನಿಂತರು. "ಟೀಚರ್, ಏನು ಬರೀಬೇಕು?"

"ಏನು ಬಂತೋ ಅದು" ಎಂದರು ಟೀಚರ್. ಬೇರೆ ಉತ್ತರ ಇರಬಹುದೆಂದು ಆಕೆಗೆ ಹೊಳೆಯಲೂ ಇಲ್ಲ.

ಬೇರೆ ಶಾಲೆಯಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು. ಹಿಂದಿನ ಶಾಲೆಗಳಲ್ಲಿ ಎಪ್ಪತ್ತೈದು ನೋಡಿ ನೋಡಿ ಕಣ್ಣು ಸೋತಿತ್ತು. ಇಲ್ಲಿ ಒಬ್ಬಳದು ಐವತ್ತು, ಒಬ್ಬನದು ಐವತ್ತೆರಡು, ಮೂಲೆಯವನದು ನಲವತ್ತೆಂಟು, ಪಕ್ಕದಲ್ಲಿ 'ಸ್ವಲ್ಪ ಚೆಲ್ಲಿದೆ' ಎಂಬ ಟಿಪ್ಪಣಿ. ಅವರು ಸ್ಟೂಲಿನಿಂದ ಎದ್ದು ಮೇಜಿನಿಂದ ಮೇಜಿಗೆ ನಡೆದಾಡಿದರು. ಕೊನೆಗೆ ಟೀಚರ್ ಹತ್ತಿರ ಬಂದು, "ಮೇಡಂ, ಎಷ್ಟೋ ವರ್ಷಗಳ ಮೇಲೆ ನಿಜವಾದ ಪ್ರಯೋಗ ನೋಡಿದೆ. ಕಣ್ಣು ತಂಪಾಯ್ತು" ಎಂದರು. ಆಮೇಲೆ ಜೇಬಿನಿಂದ ಸುತ್ತೋಲೆ ತೆಗೆದು ಇನ್ನೊಮ್ಮೆ ಓದಿ, ನಿಟ್ಟುಸಿರು ಬಿಟ್ಟು, ಎಲ್ಲರಿಗೂ ಅರ್ಧದಷ್ಟೇ ಅಂಕ ಹಾಕಿ ಹೋದರು. ಅವರಿಗೆ ನಿವೃತ್ತಿ ಹತ್ತಿರವಿತ್ತು.

ಫಲಿತಾಂಶ ಬಂದ ದಿನ ಒಬ್ಬ ಹುಡುಗಿ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಗೆಳತಿಯರು ಇಟ್ಟ ಹೆಸರು ದಶಮಾಂಶ. ಯಾವ ಉತ್ತರವಾದರೂ ಚುಕ್ಕಿಯ ಆಚೆಗೂ ಎರಡು ಅಂಕಿ ಬರೆಯದೆ ಬಿಡದವಳು. ಟೀಚರಿಗೆ ಅವಳೆಂದರೆ ಒಂದು ಹಿಡಿ ಪ್ರೀತಿ ಹೆಚ್ಚು. ಅವಳ ಕಣ್ಣು ಕೆಂಪಾಗಿತ್ತು.

"ಕಾಲೇಜಿನ ಸೀಟು ಸ್ವಲ್ಪದರಲ್ಲಿ ತಪ್ಪುತ್ತೆ ಟೀಚರ್. ಕಳೆದ ಆ ಅರ್ಧದಷ್ಟು ಅಂಕ ಇದ್ದಿದ್ರೆ ಸಿಗ್ತಿತ್ತು. ನದಿ ಪಕ್ಕದ ಶಾಲೆಯವರಿಗೆ ಸಿಕ್ಕಿದೆ. ಅವರ ಲ್ಯಾಬಿಗೆ ಬೀಗ ಹಾಕಿದೆಯಂತೆ."

"ನೀನು ಬರೆದದ್ದು ಸರಿ ಕಣಮ್ಮ..."

"ಗೊತ್ತು ಟೀಚರ್. ಸರಿ ನಿಮ್ಮದು, ಅಂಕ ನಂದು. ನೀವು ಹೆಡ್‌ಮಾಸ್ಟರಿಗೆ, ಅಧ್ಯಕ್ಷರಿಗೆ ಎಲ್ಲರಿಗೂ ಎದುರಾಡಿದ್ರಿ, ಚೆನ್ನಾಗಿತ್ತು, ನಾವೂ ನಕ್ವಿ. ಆದ್ರೆ ಪರೀಕ್ಷೆ ಬರೆದದ್ದು ನಾವು."

ಅಷ್ಟು ದಿನ ಅದು ತನಗೂ ಅವರಿಗೂ ನಡೆದ ಜಗಳ ಎಂದೇ ಟೀಚರ್ ತಿಳಿದಿದ್ದರು. ಗೆದ್ದೆ ಎಂದೂ ತಿಳಿದಿದ್ದರು. ತನ್ನ ಗೆಲುವಿಗೆ ದಂಡ ತೆತ್ತವರು ಬೇರೆ ಎಂಬುದು ಈ ಹುಡುಗಿ ಬಂದು ನಿಲ್ಲುವವರೆಗೆ ತಲೆಗೆ ಬಂದಿರಲಿಲ್ಲ. ತಪ್ಪು ಮಾಡಿದೆನೇ ಎಂದು ಯೋಚಿಸಿದರು. ಸುಳ್ಳು ಬರೀರಿ ಎನ್ನಲು ಈಗಲೂ ಬಾಯಿ ಬರುತ್ತಿರಲಿಲ್ಲ. ಆದರೆ ಅಷ್ಟು ಹೇಳಿ ಕೈ ತೊಳೆದುಕೊಳ್ಳುವಂತೆಯೂ ಇರಲಿಲ್ಲ.

"ನಾಳೆ ನನ್ನ ಜೊತೆ ಬರ್ತೀಯಾ?" ಎಂದರು. "ಮಂಡಳಿ ಆಫೀಸಿಗೆ. ನಾನು ಮಾತಾಡಿದ್ರೆ ಕೆಲಸ ಕೆಡುತ್ತೆ. ನೀನು ಮಾಡಿ ತೋರಿಸು."

ಹುಡುಗಿ, "ಆಮ್ಲ ನಾನು ಹಿಡ್ಕೋತೀನಿ. ನೀವು ಬಸ್ಸಲ್ಲಿ ಕಂಡಕ್ಟರ್ ಜೊತೆ ಜಗಳ ಆಡಿದ್ರೆ ಚೆಲ್ಲುತ್ತೆ" ಎಂದಳು.

ಪರೀಕ್ಷಾ ಮಂಡಳಿಯ ಆಫೀಸಿನಲ್ಲಿ ಫೈಲುಗಳಿಗೆ ಕುರ್ಚಿ ಇದ್ದವು, ಮನುಷ್ಯರಿಗೆ ಇರಲಿಲ್ಲ. ಅಧಿಕಾರಿಯ ಮೇಜಿನ ಮೇಲೆ ಹುಡುಗಿ ಕಪ್ಪುಗಳನ್ನು ಜೋಡಿಸಿದಳು. "ಇಲ್ಲಿ ಟೀ ಕುಡಿಯೋ ಹಾಗಿಲ್ಲ" ಎಂದ ಗುಮಾಸ್ತ. ಆಮೇಲೆ ಅವನೇ ಕುತೂಹಲದಿಂದ ಹತ್ತಿರ ಬಂದ. ಅವನ ಹಿಂದೆ ಪಕ್ಕದ ವಿಭಾಗದವರೂ ಬಂದರು. ಹುಡುಗಿ ಹೇಳಿದಾಗ ಫ್ಯಾನ್ ಆರಿಸಿದರು. ಎರಡನ್ನೂ ಬೆರೆಸಿದಳು. ಪಾದರಸ ಏರುವುದನ್ನು ಅಷ್ಟು ಜನ ಬಗ್ಗಿ ನೋಡಿದರು. ಕಪ್ಪು ಮುಟ್ಟಿ ನೋಡಿದ ಗುಮಾಸ್ತ, "ಅರೆ, ನಿಜವಾಗ್ಲೂ ಬೆಚ್ಚಗಾಗುತ್ತೆ!" ಎಂದು ಕೂಗಿದ. ಈ ಪ್ರಯೋಗದ ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟಿ ಇಡುತ್ತಿದ್ದವನು ಅವನೇ. ಬರಿಗೈಗೆ ಆ ಬಿಸಿ ತಾಗಿದ್ದು ಮೊದಲ ಸಲ.

ಐವತ್ತೆರಡು ಬಂತು. ಅಧಿಕಾರಿ ಇನ್ನೊಮ್ಮೆ ಮಾಡು ಎಂದರು. ಐವತ್ತು ಬಂತು.

ಅಧಿಕಾರಿಯ ಮುಖ ಅರಳಿತು. "ನೋಡಿ! ನಿಮಗೇ ಎರಡು ಸಲ ಎರಡು ಥರ ಬರ್ತಿದೆ. ನಿಮ್ಮ ಮಾತಿಗೆ ನಿಮಗೇ ಗ್ಯಾರಂಟಿ ಇಲ್ಲ. ಅವರಿಗೆಲ್ಲ ನೋಡಿ, ಒಂದೇ ಸಮ ಎಪ್ಪತ್ತೈದು."

ಟೀಚರ್ ಬಾಯಿ ತೆರೆದರು. ಹುಡುಗಿ ಮೇಜಿನ ಕೆಳಗೆ ಅವರ ಕಾಲು ತುಳಿದಳು. ಬಾಯಿ ಮುಚ್ಚಿತು.

"ಸರ್," ಎಂದಳು ಹುಡುಗಿ, "ನಿಮ್ಮ ಆಫೀಸಿನಲ್ಲಿ ಎಲ್ಲರಿಗೂ ಡಾಕ್ಟರು ಜ್ವರ ನೋಡಿದ್ರು ಅಂದ್ಕೊಳ್ಳಿ. ಎಲ್ಲರದ್ದೂ ಚುಕ್ಕಿ ಸಮೇತ ಒಂದೇ ಬಂತು. ಡಾಕ್ಟರು ತುಂಬ ಗಟ್ಟಿ ಅಂತೀರಾ, ಇಲ್ಲ ಅವರು ಯಾರನ್ನೂ ಮುಟ್ಟಲೇ ಇಲ್ಲ ಅಂತೀರಾ?"

ಗುಮಾಸ್ತ ನಕ್ಕ. ಅಧಿಕಾರಿ ನೋಡಿದ ತಕ್ಷಣ ಕೆಮ್ಮಿದ. ಅಧಿಕಾರಿ ಕೆಟ್ಟವರಲ್ಲ. ಐವತ್ತೊಂದು ಸರಿ ಎಂದರೆ ಉಳಿದ ಶಾಲೆಗಳೆಲ್ಲ ಬಾಗಿಲಿಗೆ ಬರುತ್ತವೆ, ತಪ್ಪು ಎಂದರೆ ಈ ಹುಡುಗಿ ನಾಳೆ ಮತ್ತೆ ಕಪ್ಪು ತರುತ್ತಾಳೆ ಎಂಬ ಚಿಂತೆ ಅವರದು. ಕೊನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಸದರಿ ಪ್ರಶ್ನೆಗೆ ಉತ್ತರ ಏನೇ ಇದ್ದರೂ, ಉತ್ತರ ಇಲ್ಲದಿದ್ದರೂ, ಎಲ್ಲ ವಿದ್ಯಾರ್ಥಿಗಳಿಗೂ ಪೂರ್ಣ ಅಂಕ.

ಮರಳುವ ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಸೀಟು ಸಿಗುವುದು ಖಾತ್ರಿಯಾಗಿತ್ತು. ಆದರೂ ಹುಬ್ಬು ಗಂಟಾಗಿತ್ತು.

"ನಮಗೂ ಪೂರ್ತಿ, ನಕಲು ಹೊಡೆದವರಿಗೂ ಪೂರ್ತಿ. ಹಾಗಾದ್ರೆ ನಾವು ಮಾಡಿದ್ದು ಯಾಕೆ ಟೀಚರ್?"

"ನನಗೂ ಗೊತ್ತಿಲ್ಲ ಕಣೇ" ಎಂದರು ಟೀಚರ್. ಆಮೇಲೆ, "ಆ ಗುಮಾಸ್ತ ಕಪ್ಪು ಮುಟ್ಟಿದಾಗ ಅವನ ಮುಖ ನೋಡಿದೆಯಾ?" ಎಂದು ಕೇಳಿದರು. ಹುಡುಗಿಗೆ ನಗು ಬಂತು. ಇಳಿಯುವವರೆಗೂ ಇಬ್ಬರೂ ಅವನ ಮುಖವನ್ನು ಅಣಕಿಸಿಕೊಂಡು ನಗುತ್ತಿದ್ದರು.

ಆ ಬೇಸಿಗೆಯಲ್ಲಿ ಪ್ರೆಸ್ ಮಾಲೀಕರು ಹಣ್ಣಿನ ಬುಟ್ಟಿ ಹಿಡಿದು ಮನೆಗೇ ಬಂದರು. ಗೈಡಿನ ಹೊಸ ಆವೃತ್ತಿಯನ್ನು ಮೇಡಮ್ಮೇ ಪರಿಷ್ಕರಿಸಬೇಕಂತೆ, ಹೆಸರು ಮುಖಪುಟದಲ್ಲೇ ಹಾಕುತ್ತಾರಂತೆ. ಟೀಚರ್ ಒಂದೇ ಷರತ್ತು ಹಾಕಿದರು. ಎಷ್ಟು ಬಂತು ಎಂಬ ಕಡೆಯೆಲ್ಲ ಜಾಗ ಖಾಲಿ ಬಿಡಬೇಕು.

"ಖಾಲಿ ಗೈಡ್ ಯಾರಮ್ಮ ಕೊಳ್ತಾರೆ? ಖಾಲಿ ಹಾಳೆ ಅಂಗಡಿಯಲ್ಲೇ ಸಿಗುತ್ತಲ್ಲ!" ಎಂದು ಮಾಲೀಕರು ಗೋಳಾಡಿದರು. ಅಪ್ಪ ಒಳಗಿನಿಂದ ಬಂದು ಬುಟ್ಟಿಯ ಹಣ್ಣು ಎಣಿಸಿ, "ಐವತ್ತು ಹಣ್ಣು ತಂದಿದ್ದಾರೆ, ಒಪ್ಪಿಕೋ" ಎಂದರು. ಇದ್ದದ್ದು ಹದಿನೆಂಟು. ಎಪ್ಪತ್ತೈದರ ಗಲಾಟೆಯಿಂದ ಹೆಸರು ಕೆಟ್ಟಿದ್ದರಿಂದ ಮಾಲೀಕರಿಗೂ ಬೇರೆ ದಾರಿ ಇರಲಿಲ್ಲ. ಖಾಲಿ ಜಾಗಗಳ ಗೈಡ್ ಅಚ್ಚಾಯಿತು. ಗಂಡ ಅದರ ಪ್ರೂಫನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರು. ಅಂಕಿಗಳೇ ಇಲ್ಲದ್ದರಿಂದ ಒಂದೂ ತಪ್ಪಿರಲಿಲ್ಲ.

ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಎದುರಾಳಿ ಪ್ರೆಸ್ಸಿನಿಂದ ಒಂದು ತೆಳುವಾದ ಪುಸ್ತಕ ಬಂತು. 'ಗೈಡಿನ ಗೈಡ್'. ಖಾಲಿ ಜಾಗಗಳನ್ನೆಲ್ಲ ಅದು ತುಂಬಿಕೊಡುತ್ತಿತ್ತು. ಹೆಡ್‌ಮಾಸ್ಟರು ಅದನ್ನು ಹಿಡಿದುಕೊಂಡು ಲ್ಯಾಬಿಗೆ ಓಡಿಬಂದರು. ಕಿಟಕಿಗಳ ಇಟ್ಟಿಗೆ ಅಷ್ಟರಲ್ಲಿ ಬಿಚ್ಚಿಸಿಯಾಗಿತ್ತು. ಬೆಳಕಿನಲ್ಲಿ ಅವರ ಮುಖ ಹೊಳೆಯುತ್ತಿತ್ತು.

"ಗೆದ್ವಿ ಮೇಡಂ! ನೋಡಿ ಇಲ್ಲಿ. ಶಾಖದ ಪ್ರಯೋಗ, ಉತ್ತರ ಐವತ್ತೊಂದು! ನಮ್ಮ ಶಾಲೆಯದ್ದೇ ಅಂಕಿ. ಇವತ್ತಿನ ಸಭೆಯಲ್ಲಿ ಎಲ್ಲ ಶಾಲೆಗಳಿಗೂ ಐವತ್ತೊಂದೇ ಬಂದಿದೆ. ನದಿ ಪಕ್ಕದವರಿಗೂ! ಈಗ ನಾವು ಹೇಳಿದ್ದೇ ವೇದವಾಕ್ಯ."

ಟೀಚರ್ ಪುಟ ನೋಡಿದರು. ಮೊದಲು ಸಿಟ್ಟು ಬಂತು, ಆಮೇಲೆ ನಗು, ಆಮೇಲೆ ಎರಡೂ ಕಲಸಿಕೊಂಡು ಒಂದು ನಿಟ್ಟುಸಿರು. ಹಿಂದೆ ಬೆಂಚುಗಳಲ್ಲಿ ಹೊಸ ತರಗತಿಯ ಮಕ್ಕಳು ಸುಮ್ಮನೆ ಕೂತಿದ್ದರು. ನಾಲ್ಕೈದು ಚೀಲಗಳ ಬಾಯಿಂದ ಅದೇ ತೆಳು ಪುಸ್ತಕದ ಮೂಲೆ ಇಣುಕುತ್ತಿತ್ತು.

"ಸಂತೋಷ ಸರ್" ಎಂದು ಹೆಡ್‌ಮಾಸ್ಟರನ್ನು ಕಳಿಸಿಕೊಟ್ಟು ಟೀಚರ್ ಬೀರು ತೆರೆದರು. ಕಾಗದದ ಕಪ್ಪುಗಳನ್ನೆಲ್ಲ ಒಳಗಿಟ್ಟರು. ಕೆಳಗಿನ ಅರೆಯಿಂದ ದಪ್ಪ ಗಾಜಿನ ಲೋಟಗಳನ್ನು, ತಗಡಿನ ಡಬ್ಬಿಗಳನ್ನು, ಒಂದೆರಡು ಪಿಂಗಾಣಿ ಬಟ್ಟಲುಗಳನ್ನು ಹೊರತೆಗೆದು ಧೂಳು ಒರೆಸಿದರು. ಒಂದೊಂದು ಬೆಂಚಿಗೆ ಒಂದೊಂದು ಥರದ್ದು ಹಂಚಿದರು. ಒಂದೊಂದೂ ತನ್ನದೇ ಅಳತೆಯಲ್ಲಿ ಶಾಖ ಕುಡಿಯುವಂಥದ್ದು.

"ಟೀಚರ್, ಇದ್ರಲ್ಲಿ ಐವತ್ತೊಂದು ಬರುತ್ತಾ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಅಳುಕುತ್ತ ಕೇಳಿದ.

"ನನಗೆ ಹೇಗಪ್ಪ ಗೊತ್ತಾಗುತ್ತೆ?" ಎಂದರು ಟೀಚರ್. "ಬೆರೆಸು, ನೋಡೋಣ."